ಕಡಿಮೆ ದುಡ್ಡಿನಲ್ಲಿ ಡೆಸ್ಕ್‌ಟಾಪ್: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕಂಪ್ಯೂಟರ್ ಜೋಡಿಸಲು ಅಥವಾ ಹಳೆಯದನ್ನು ಅಪ್‌ಗ್ರೇಡ್ ಮಾಡಲು ಹೊರಟವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಬೆಲೆಗಳನ್ನು ಬೇಕೆಂದೇ ಹಾಕಿಲ್ಲ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಮೆಮೊರಿ ಚಿಪ್‌ಗಳು ಎಐ ಡೇಟಾ ಸೆಂಟರ್‌ಗಳ ಪಾಲಾಗುತ್ತಿರುವುದೇ ಇದಕ್ಕೆ ಮುಖ್ಯ ಕಾರಣ. ಹಾರ್ಡ್ ಡಿಸ್ಕ್ ಬದಲು ಬಳಸುವ ಎಸ್‌ಎಸ್‌ಡಿಯೂ ಅದೇ ದಾರಿ ಹಿಡಿದಿದೆ. ಹಾಗಾಗಿ ಇವತ್ತು ಬರೆದ ಬೆಲೆ ಮುಂದಿನ ತಿಂಗಳಿಗೆ ಉಪಯೋಗಕ್ಕೆ ಬಾರದು. ಏನನ್ನು ನೋಡಿ ಕೊಳ್ಳಬೇಕು, ಎಲ್ಲಿ ದುಡ್ಡು ಸುರಿಯಬಾರದು ಎಂಬುದನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ಅಂಗಡಿಯವರು "ಐ5, 8 ಜಿಬಿ, 256 ಎಸ್‌ಎಸ್‌ಡಿ, ಕ್ಯಾಬಿನೆಟ್, ಎಲ್ಲಾ ಸೇರಿ ಇಷ್ಟು" ಅಂತ ಚೀಟಿ ಬರೆದುಕೊಟ್ಟಿದ್ದಾರೆ. ತಗೋಬಹುದಾ?

ಆ ಚೀಟಿ ನೋಡಿ ಯಾರೂ ಏನೂ ಹೇಳಲಾರರು. ಐ5-2400 ಬಂದದ್ದು 2011ರಲ್ಲಿ, ಐ5-12400 ಬಂದದ್ದು 2022ರಲ್ಲಿ. ಚೀಟಿಯಲ್ಲಿ ಎರಡೂ "ಐ5" ಅಷ್ಟೇ. ನಾಲ್ಕನೇ ಜನರೇಷನ್‌ನ ಐ7ಗಿಂತ ಹನ್ನೆರಡನೇ ಜನರೇಷನ್‌ನ ಐ3-12100 ಎಷ್ಟೋ ವೇಗವಾಗಿ ಕೆಲಸ ಮಾಡುತ್ತದೆ. ಆದರೂ "ಐ7 ಕೊಡ್ತಿದ್ದೀವಿ" ಅಂದ ತಕ್ಷಣ ಜನ ಒಪ್ಪಿಬಿಡುತ್ತಾರೆ.

ಇನ್ನೊಂದು ವಿಷಯವನ್ನೂ ಗಮನಿಸಿ. ಎಚ್61, ಎಚ್81 ಎಂಬ ಹಳೆಯ ಮಾದರಿಯ ಮದರ್‌ಬೋರ್ಡ್‌ಗಳನ್ನು ಈಗಲೂ ಹೊಸದಾಗಿ ತಯಾರಿಸಿ, ಹೊಸ ಪೆಟ್ಟಿಗೆಯಲ್ಲಿ ಮಾರುತ್ತಾರೆ. ಅದಕ್ಕೆ ಎರಡನೇ ಅಥವಾ ನಾಲ್ಕನೇ ಜನರೇಷನ್‌ನ ಬಳಸಿದ ಪ್ರೊಸೆಸರ್ ಕೂರಿಸಿ, ಹೊಳೆಯುವ ಕ್ಯಾಬಿನೆಟ್‌ಗೆ ಹಾಕಿದರೆ "ಹೊಸ ಅಸೆಂಬಲ್ಡ್ ಮಷೀನ್" ಸಿದ್ಧ. ಬಿಲ್ ಮಾಡುವ ಕೆಲಸಕ್ಕೋ ಟೈಪಿಂಗ್‌ಗೋ ಅದು ಸಾಕಾಗಬಹುದು, ತಪ್ಪೇನಿಲ್ಲ. ಆದರೆ ಹೊಸದರ ಬೆಲೆ ಕೊಟ್ಟು ಹದಿನೈದು ವರ್ಷದ ಹಿಂದಿನದನ್ನು ಮನೆಗೆ ತರಬಾರದು.

ಆದ್ದರಿಂದ ಆರು ಸಾಲು ಬರೆಸಿಕೊಳ್ಳಿ: ಪ್ರೊಸೆಸರ್‌ನ ಪೂರ್ತಿ ನಂಬರ್, ಬೋರ್ಡ್‌ನ ಕಂಪನಿ ಮತ್ತು ಮಾಡೆಲ್, ರ‍್ಯಾಮ್ ಡಿಡಿಆರ್ ಎಷ್ಟು (3, 4, 5 ಎಂಬ ತಲೆಮಾರು) ಮತ್ತು ಎಷ್ಟು ಕಡ್ಡಿ, ಎಸ್‌ಎಸ್‌ಡಿಯ ಮಾಡೆಲ್, ಎಸ್‌ಎಂಪಿಎಸ್‌ನ (ಎಲ್ಲ ಭಾಗಗಳಿಗೂ ಕರೆಂಟ್ ಒದಗಿಸುವ ಡಬ್ಬ) ಮಾಡೆಲ್, ಪ್ರತಿಯೊಂದರ ವಾರಂಟಿ ಎಷ್ಟು ವರ್ಷ ಎಂಬುದು. ಒಳ್ಳೆಯ ಅಂಗಡಿಯವರು ಇದನ್ನು ಖುಷಿಯಿಂದಲೇ ಬರೆದುಕೊಡುತ್ತಾರೆ. "ಅದೆಲ್ಲಾ ಯಾಕೆ ಸಾರ್, ನಮ್ಮ ಮೇಲೆ ನಂಬಿಕೆ ಇಲ್ವಾ" ಅಂದರೆ ಬೇರೆ ಅಂಗಡಿ ನೋಡಿ.

ಹಳೇ ಕಂಪ್ಯೂಟರ್ ಆನ್ ಆಗೋಕೆ ಐದು ನಿಮಿಷ ತಗೊಳ್ಳುತ್ತೆ. ಹೊಸದೇ ತಗೋಬೇಕಾ?

ಮೊದಲು ಒಳಗೆ ಹಾರ್ಡ್ ಡಿಸ್ಕ್ ಇದೆಯೋ ಎಸ್‌ಎಸ್‌ಡಿ ಇದೆಯೋ ನೋಡಿ. ಹಾರ್ಡ್ ಡಿಸ್ಕ್ ಆಗಿದ್ದರೆ ಹೊಸ ಕಂಪ್ಯೂಟರ್‌ನ ಯೋಚನೆಯನ್ನು ಸದ್ಯಕ್ಕೆ ಬಿಡಿ. ಒಂದು ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ನ ವೈರಿಗೇ ಹಿಡಿಸುವಂಥದ್ದು) ಹಾಕಿಸಿ, ವಿಂಡೋಸನ್ನು ಅದರ ಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡಿಸಿ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 150 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ 500 ದಾಟುತ್ತದೆ. ನಿಜವಾದ ವ್ಯತ್ಯಾಸ ಕಾಣುವುದು ಸಣ್ಣ ಸಣ್ಣ ಫೈಲ್‌ಗಳನ್ನು ಹುಡುಕಿ ತೆಗೆಯುವುದರಲ್ಲಿ. ಹಾರ್ಡ್ ಡಿಸ್ಕ್‌ನ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡುವಷ್ಟರಲ್ಲಿ ಎಸ್‌ಎಸ್‌ಡಿ ಕೆಲಸ ಮುಗಿಸಿರುತ್ತದೆ. ಹಳೆಯ ಡಿಸ್ಕನ್ನು ಎಸೆಯಬೇಡಿ, ಫೋಟೋ, ವಿಡಿಯೋ ಇಡಲು ಅಲ್ಲೇ ಇರಲಿ.

ಎಚ್61, ಎಚ್81 ಕಾಲದ ಬೋರ್ಡ್‌ಗೆ ಎನ್‌ವಿಎಂಇ (ಸಾಟಾಗಿಂತ ವೇಗದ ಹೊಸ ಬಗೆಯ) ಎಸ್‌ಎಸ್‌ಡಿ ಕೊಳ್ಳಬೇಡಿ. ಬೇರೆ ಕಾರ್ಡ್ ಮೂಲಕ ಸಿಕ್ಕಿಸಿದರೂ ಸಾಮಾನ್ಯವಾಗಿ ಅದರಿಂದ ವಿಂಡೋಸ್ ಬೂಟ್ ಆಗುವುದಿಲ್ಲ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯೇ ಸರಿ. ಬೋರ್ಡ್‌ನಲ್ಲಿ ಎಂ.2 ಸ್ಲಾಟ್ (ಬೋರ್ಡ್ ಮೇಲೇ ಎಸ್‌ಎಸ್‌ಡಿ ಸಿಕ್ಕಿಸುವ ಜಾಗ) ಇದ್ದರೂ ಅದು ಸಾಟಾ ಮಾತ್ರ ಒಪ್ಪುತ್ತದೋ ಎನ್‌ವಿಎಂಇ ಕೂಡ ಒಪ್ಪುತ್ತದೋ ಎಂದು ಬೋರ್ಡ್‌ನ ಪುಸ್ತಕದಲ್ಲಿ ನೋಡಿ.

ಸೇವಾಸಿಂಧು ತೆರೆಯಲ್ಲ, ಬ್ಯಾಂಕ್ ಸೈಟ್ ತೆರೆಯಲ್ಲ, ಕಂಪ್ಯೂಟರ್ ಹೋಯ್ತು ಅನ್ಸುತ್ತೆ.

ಕೆಳಗೆ ಬಲಗಡೆ ತಾರೀಖು ಸರಿ ಇದೆಯಾ ನೋಡಿ. ತಾರೀಖು ಹಿಂದಕ್ಕೆ ಹೋಗಿದ್ದರೆ ಸೈಟ್‌ಗಳ ಭದ್ರತಾ ಪ್ರಮಾಣಪತ್ರ ಹೊಂದಿಕೆಯಾಗದೆ ಬ್ರೌಸರ್ ತಡೆಯುತ್ತದೆ. ಬೋರ್ಡ್ ಮೇಲಿನ ಸಿಆರ್2032 ನಾಣ್ಯದಾಕಾರದ ಸೆಲ್ ಸತ್ತಿರುತ್ತದೆ. ವಾಚ್ ಅಂಗಡಿಯಲ್ಲಿ ಸಿಗುತ್ತದೆ. ಬದಲಾಯಿಸಿ, ತಾರೀಖು ಸರಿಮಾಡಿ.

ವಿಂಡೋಸ್ 10 ಇದೆ. ಹನ್ನೊಂದಕ್ಕೆ ಹೋಗಲೇಬೇಕಾ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ನಿಲ್ಲುವುದಿಲ್ಲ, ಭದ್ರತಾ ಅಪ್‌ಡೇಟ್ ನಿಲ್ಲುತ್ತದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ ಅಥವಾ ಮೇಲೆ, ಎಎಂಡಿಯ ರೈಜನ್‌ನಲ್ಲಿ ಹೆಚ್ಚುಕಡಿಮೆ 2000 ಸರಣಿ ಅಥವಾ ಮೇಲೆ ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಭಾಗ. ಎಷ್ಟೋ ಬೋರ್ಡ್‌ಗಳಲ್ಲಿ ಟಿಪಿಎಂ ಇರುತ್ತದೆ, ಬಯಾಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ ಪುಟದಲ್ಲಿ) ಆಫ್ ಆಗಿರುತ್ತದೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ.

ಅದಕ್ಕಿಂತ ಹಳೆಯದಾಗಿದ್ದು ಬ್ರೌಸಿಂಗ್, ಓದು, ಬರಹ ಮಾತ್ರ ಇದ್ದರೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ. ಕಗಪ ವಿನ್ಯಾಸದ ಕನ್ನಡ ಕೀಲಿಮಣೆ ಲಿನಕ್ಸ್‌ನಲ್ಲೇ ಇದೆ, ಬೇರೆ ತಂತ್ರಾಂಶ ಬೇಡ. ಆದರೆ ನುಡಿಯ ಹಳೆಯ ಫಾಂಟ್‌ಗಳಲ್ಲಿ ಪೇಜ್‌ಮೇಕರ್, ಕೋರೆಲ್ ಡ್ರಾ ಮೇಲೆ ಲಗ್ನಪತ್ರಿಕೆ, ಕರಪತ್ರ ಮಾಡುವ ಡಿಟಿಪಿಯವರಿಗೆ ಇದು ಒಗ್ಗುವುದಿಲ್ಲ. ಅವರು ವಿಂಡೋಸಲ್ಲೇ ಇರಬೇಕು.

ತಂಗಿ ಮಂಡ್ಯದ ಪಿಇಎಸ್‌ನಲ್ಲಿ ಸಿವಿಲ್ ಓದ್ತಿದ್ದಾಳೆ. ಆಟೋಕ್ಯಾಡ್ ಬೇಕಂತೆ. ಗ್ರಾಫಿಕ್ಸ್ ಕಾರ್ಡ್ ಹಾಕಿಸಲೇಬೇಕು ಅಂತ ಹೇಳ್ತಾರೆ.

ಎರಡು ಆಯಾಮದ ನಕ್ಷೆಗೆ ಬೇಡ. ಆ ದುಡ್ಡಲ್ಲಿ 16 ಜಿಬಿ ರ‍್ಯಾಮ್ ಮತ್ತು 512 ಜಿಬಿ ಎಸ್‌ಎಸ್‌ಡಿ ಹಾಕಿಸಿ. ಮೂರು ಆಯಾಮದ ಕಟ್ಟಡ ಮಾಡೆಲಿಂಗ್, ರೆಂಡರಿಂಗ್ ಮುಂದಿನ ಸೆಮಿಸ್ಟರ್‌ಗಳಲ್ಲಿ ಬಂದಾಗ ಕಾರ್ಡ್ ಸೇರಿಸಬಹುದು. ಈಗ ಅದಕ್ಕೆ ತಕ್ಕ ಎಸ್‌ಎಂಪಿಎಸ್ ಹಾಕಿಸಿಟ್ಟಿದ್ದರೆ ಸಾಕು.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ: "2 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದೆ" ಎಂದು ಹೇಳಿ ಜಿಟಿ 710 ಅಥವಾ ಜಿಟಿ 730 ಹಾಕಿಕೊಟ್ಟರೆ ಒಪ್ಪಬೇಡಿ. ರೈಜನ್ 5 5600ಜಿ ಪ್ರೊಸೆಸರ್‌ನ ಒಳಗೇ ಇರುವ ಗ್ರಾಫಿಕ್ಸ್ ಅವೆರಡಕ್ಕಿಂತ ಎಷ್ಟೋ ಮೇಲು. ಹಾಳಾದ ಡಿಸ್‌ಪ್ಲೇ ಪೋರ್ಟ್‌ಗೆ ಬದಲಿಯಾಗಿ ಬಿಟ್ಟರೆ ಆ ಕಾರ್ಡ್‌ಗಳಿಗೆ ಈಗ ಕೆಲಸವಿಲ್ಲ.

ಇಂಟೆಲ್ಲೋ ಎಎಂಡಿಯೋ?

ಯಾವುದಾದರೂ ಆದೀತು. ನೋಡಬೇಕಾದ್ದು ಬೋರ್ಡ್ ಮತ್ತು ರ‍್ಯಾಮ್ ಸೇರಿದ ಒಟ್ಟು ಖರ್ಚನ್ನು.

ಕಾರ್ಡ್ ಇಲ್ಲದೆ ಸ್ವಲ್ಪ ಆಟವನ್ನೂ ಆಡಬೇಕು ಅನ್ನುವವರಿಗೆ ಎಎಂ4 ಸಾಕೆಟ್‌ನ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜನ್ 5 5600ಜಿ ಅಥವಾ 5600ಜಿಟಿ ಒಳ್ಳೆಯದು. ಆರು ಕೋರ್, ಡಿಡಿಆರ್4 ರ‍್ಯಾಮ್, ಎ520 ಅಥವಾ ಬಿ450 ಬೋರ್ಡ್. ಈ ಪ್ರೊಸೆಸರ್ ಪಿಸಿಐಇ ಎಂಬ ವೇಗದ ಸಂಪರ್ಕದ 3.0 ಆವೃತ್ತಿಯನ್ನು ಮಾತ್ರ ಬೆಂಬಲಿಸುವುದರಿಂದ ಜೆನ್4 (4.0 ಆವೃತ್ತಿಯ) ಎಸ್‌ಎಸ್‌ಡಿಗೆ ಹೆಚ್ಚು ಕೊಡುವುದು ದಂಡ. ಬಿ450 ಹಳೆಯ ಸ್ಟಾಕ್ ಆಗಿದ್ದರೆ ಬಯಾಸ್ ಅಪ್‌ಡೇಟ್ ಮಾಡಿಸದೆ 5000 ಸರಣಿ ಆನ್ ಆಗುವುದಿಲ್ಲ, ಅಂಗಡಿಯಲ್ಲೇ ಮಾಡಿಸಿಕೊಂಡು ಬನ್ನಿ.

ಆಫೀಸ್ ಕೆಲಸ, ಟ್ಯಾಲಿ, ಓದು ಇಷ್ಟಕ್ಕೆ ಐ3-12100 ಮತ್ತು ಎಚ್610 ಬೋರ್ಡ್ ಧಾರಾಳವಾಯಿತು. ಕೋಡಿಂಗ್, ವಿಡಿಯೋ ಎಡಿಟಿಂಗ್ ಇದ್ದರೆ ಐ5-12400. ಇಂಟೆಲ್ ನಂಬರ್‌ನ ಕೊನೆಯಲ್ಲಿ "ಎಫ್" ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಐ3-12100ಎಫ್ ಕೊಂಚ ಅಗ್ಗವಾಗಿ ಸಿಕ್ಕಿತೆಂದು ತಂದರೆ, ಕಾರ್ಡ್ ಹಾಕುವವರೆಗೆ ಪರದೆ ಕಪ್ಪಗೇ ಇರುತ್ತದೆ. ರೈಜನ್ 5 5600 ಕೂಡ ಹಾಗೆಯೇ, ಕೊನೆಯಲ್ಲಿ "ಜಿ" ಇಲ್ಲದ್ದು.

ಎಎಂ5 ಸಾಕೆಟ್ ಹೊಸದು, 2022ರಲ್ಲಿ ಬಂದದ್ದು. ಅದಕ್ಕೆ 2027ರವರೆಗೂ, ಅದರಾಚೆಗೂ ಬೆಂಬಲ ಇರುತ್ತದೆಂದು ಎಎಂಡಿ ಹೇಳಿದೆ. ಆದರೆ ಅದಕ್ಕೆ ಡಿಡಿಆರ್5 ಮಾತ್ರ ಹಿಡಿಸುತ್ತದೆ. ರ‍್ಯಾಮ್ ಇಷ್ಟು ದುಬಾರಿಯಾಗಿರುವಾಗ, ಕೈಯಲ್ಲಿ ಈಗಾಗಲೇ ಡಿಡಿಆರ್4 ಕಡ್ಡಿಗಳಿದ್ದರೆ ಅವುಗಳನ್ನೇ ಉಳಿಸಿಕೊಂಡು ಬೋರ್ಡ್ ಮತ್ತು ಪ್ರೊಸೆಸರ್ ಬದಲಿಸುವುದೇ ಜಾಣತನ. ಎಚ್610, ಬಿ760 ಬೋರ್ಡ್‌ಗಳು ಡಿಡಿಆರ್4ರದ್ದೂ ಬರುತ್ತವೆ, ಡಿಡಿಆರ್5ರದ್ದೂ ಬರುತ್ತವೆ. ಒಂದರ ಕಡ್ಡಿ ಇನ್ನೊಂದಕ್ಕೆ ಕೂರುವುದಿಲ್ಲ. ಮಾಡೆಲ್ ಹೆಸರಿನ ಕೊನೆವರೆಗೂ ಓದಿ.

8 ಜಿಬಿ ಸಾಕಾ, 16 ಬೇಕಾ? ಒಂದೇ ಕಡ್ಡಿ ಹಾಕಿಸ್ಲಾ?

ಹೊಸದಕ್ಕೆ 16. ಬ್ರೌಸರ್ ಒಂದೇ ಸಾಕು 8 ಜಿಬಿ ನುಂಗಲು. 5600ಜಿಯಂಥ ಒಳಗಿನ ಗ್ರಾಫಿಕ್ಸ್ ಬಳಸುವುದಾದರೆ ಖಂಡಿತ ಎರಡು 8 ಜಿಬಿ ಕಡ್ಡಿ ಹಾಕಿ, ಯಾಕೆಂದರೆ ಆ ಗ್ರಾಫಿಕ್ಸ್ ಓಡುವುದು ಇದೇ ರ‍್ಯಾಮಿನ ಮೇಲೆ. ಒಂದೇ ಕಡ್ಡಿಯಾದರೆ ಆಟಗಳಲ್ಲಿ ವೇಗ ಎದ್ದು ಕಾಣುವಷ್ಟು ಇಳಿಯುತ್ತದೆ. ದುಡ್ಡು ಸಾಲದಿದ್ದರೆ ಆಫೀಸ್ ಮಷೀನ್‌ಗೆ ಸದ್ಯ ಒಂದು 8 ಹಾಕಿ, ಎರಡನೇ ಸ್ಲಾಟ್ ಖಾಲಿ ಬಿಡಿ.

ಜೋಡಿಸಿದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ (ಕಡ್ಡಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. 3200 ಎಂದು ಕೊಂಡ ರ‍್ಯಾಮ್ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ 2400ರಲ್ಲೇ ಓಡುತ್ತಿರುತ್ತದೆ.

ಕ್ಯಾಬಿನೆಟ್ ಜೊತೆ ಬರೋ ಎಸ್‌ಎಂಪಿಎಸ್ ಸಾಕಲ್ವಾ? ಅದರ ಮೇಲೆ 450 ವ್ಯಾಟ್ ಅಂತಿದೆ.

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಎಸ್‌ಎಂಪಿಎಸ್‌ನ ಪಕ್ಕದಲ್ಲಿ ಅಂಟಿಸಿರುವ ಸ್ಟಿಕ್ಕರ್ ನೋಡಿ. ಅದರಲ್ಲಿ +12ವಿ ಎಂಬ ಕಾಲಂ ಇರುತ್ತದೆ, ಕೆಳಗೆ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಇವತ್ತಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಹೆಚ್ಚಾಗಿ ಈ ಸಾಲಿನಿಂದಲೇ. 16 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ: 192 ವ್ಯಾಟ್. ಮೇಲೆ ದೊಡ್ಡ ಅಕ್ಷರದಲ್ಲಿ 450 ಎಂದು ಬರೆದಿದ್ದರೂ ಕೆಲಸಕ್ಕೆ ಬರುವುದು ಅಷ್ಟೇ. 12 ವೋಲ್ಟಿನಲ್ಲಿ 43 ಆಂಪಿಯರ್ ಕೊಡುವ 550 ವ್ಯಾಟ್‌ನದಾದರೆ 516 ವ್ಯಾಟ್ ಸಿಗುತ್ತದೆ, ಹೆಸರಿಗೂ ಕೆಲಸಕ್ಕೂ ತಾಳೆಯಾಗುತ್ತದೆ. ಕೈಯಲ್ಲಿ ಎತ್ತಿ ನೋಡಿದರೂ ತೂಕದಲ್ಲೇ ಗೊತ್ತಾಗುತ್ತದೆ. ಹಗುರದ್ದರೊಳಗೆ ಫಿಲ್ಟರ್, ಹೀಟ್‌ಸಿಂಕ್ ಎಲ್ಲವನ್ನೂ ಉಳಿಸಿರುತ್ತಾರೆ.

ಕಳಪೆ ಎಸ್‌ಎಂಪಿಎಸ್ ಸುಟ್ಟಾಗ ತಾನೊಂದೇ ಹೋಗುವುದಿಲ್ಲ, ಬೋರ್ಡನ್ನೋ ಡಿಸ್ಕನ್ನೋ ಜೊತೆಗೆ ಕರೆದುಕೊಂಡು ಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷೀನ್‌ಗೆ ಹೆಸರಿರುವ ಕಂಪನಿಯ 400–450 ವ್ಯಾಟ್ ಸಾಕು. ಮುಂದೆ ಆರ್‌ಎಕ್ಸ್ 6600 ಮಟ್ಟದ ಕಾರ್ಡ್ ಹಾಕುವ ಆಸೆ ಇದ್ದರೆ 550 ವ್ಯಾಟ್‌ನ 80 ಪ್ಲಸ್ ಬ್ರಾಂಜ್ (ಕರೆಂಟ್ ಉಳಿತಾಯದ ದರ್ಜೆ) ತೆಗೆದುಕೊಳ್ಳಿ. ಕ್ಯಾಬಿನೆಟ್‌ನ ಗಾಜು, ಬಣ್ಣಬಣ್ಣದ ಫ್ಯಾನ್ ಬಿಟ್ಟರೆ ಆ ದುಡ್ಡು ಇಲ್ಲಿಗೆ ಸಿಗುತ್ತದೆ.

ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ಎಸ್‌ಎಂಪಿಎಸ್ ಕೆಟ್ಟಿದೆಯಾ?

ಬಹುತೇಕ ಸಲ ಕೆಟ್ಟಿರುವುದಿಲ್ಲ, ಮನೆಯಲ್ಲಿ ಅರ್ಥಿಂಗ್ ಇರುವುದಿಲ್ಲ. ಎಸ್‌ಎಂಪಿಎಸ್‌ನ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಡಬ್ಬಕ್ಕೆ ಚಿಕ್ಕ ಕೆಪಾಸಿಟರ್‌ಗಳು ಸೇರಿಕೊಂಡಿರುತ್ತವೆ. ಕರೆಂಟ್‌ನ ಗದ್ದಲವನ್ನು ಅರ್ಥ್‌ಗೆ ಹರಿಸುವುದು ಅವುಗಳ ಕೆಲಸ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ 230 ವೋಲ್ಟ್‌ನ ಅರ್ಧದಷ್ಟರಲ್ಲಿ ತೇಲುತ್ತಿರುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಆದ್ದರಿಂದ ಬರೀ ಜುಮ್ ಅನ್ನುತ್ತದೆ. ಯುಎಸ್‌ಬಿ ಪೋರ್ಟ್, ಪ್ರಿಂಟರ್‌ಗಳಿಗೆ ಮಾತ್ರ ಇದು ಒಳ್ಳೆಯದಲ್ಲ. ಮೂರು ಪಿನ್‌ನ ಪ್ಲಗ್‌ಗೆ ಎರಡು ಪಿನ್‌ನ ಕನ್ವರ್ಟರ್ ಹಾಕಿದ್ದರೆ ಇವತ್ತೇ ತೆಗೆಯಿರಿ. ಅಗ್ರಹಾರದ ಕಡೆಯ ಹಳೇ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇದ್ದರೂ ಹಿಂದೆ ಅರ್ಥ್ ತಂತಿ ಎಳೆದಿರದೆ ಇರಬಹುದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ. ಜೋರಾಗಿ ಹೊಡೆದರೆ ಅದು ಬೇರೆ ಮಾತು, ಮೇನ್ ಆಫ್ ಮಾಡಿ ಅವರನ್ನು ಕರೆಸಿ.

ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ. ಪಂಪ್‌ಸೆಟ್ ಓಡುವಾಗ ವೋಲ್ಟೇಜ್ ಇಳಿಯುತ್ತೆ. ಇನ್ವರ್ಟರ್ ಇದೆ, ಯುಪಿಎಸ್ ಬೇಕಾ?

ಇನ್ವರ್ಟರ್‌ನ ಹಿಂದೆ ಯುಪಿಎಸ್ ಮೋಡ್‌ನ ಸ್ವಿಚ್ ಇದೆಯಾ ನೋಡಿ. ಅದರಲ್ಲಿಟ್ಟರೆ ಕರೆಂಟ್ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗದಷ್ಟು ಬೇಗ ಬ್ಯಾಟರಿಗೆ ಬದಲಾಗುತ್ತದೆ. ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದರೆ ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿ ಮೇಲೆ ಹೋಗುತ್ತದೆ. ಪಂಪ್‌ಸೆಟ್ ಓಡುವಷ್ಟು ಹೊತ್ತೂ ಹೀಗಾದರೆ ಬ್ಯಾಟರಿ ಬೇಗ ಸೊರಗುತ್ತದೆ. ಅಂಥ ಕಡೆ ಇನ್ವರ್ಟರನ್ನು ಮನೆಯ ದೀಪಕ್ಕೆ ಸಾಮಾನ್ಯ ಮೋಡ್‌ನಲ್ಲೇ ಬಿಟ್ಟು, ಕಂಪ್ಯೂಟರ್‌ಗೆ ಬೇರೆ ಯುಪಿಎಸ್ ಇಡುವುದು ಮೇಲು.

600 ವಿಎ ಯುಪಿಎಸ್ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಕಾರ್ಡ್ ಇಲ್ಲದ ಮಷೀನ್ ಮತ್ತು ಮಾನಿಟರ್‌ಗೆ ಅದು ಧಾರಾಳ. ಫೈಲ್ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಅದರ ಕೆಲಸ. ಲೇಸರ್ ಪ್ರಿಂಟರನ್ನು ಅದಕ್ಕೆ ಸಿಕ್ಕಿಸಬೇಡಿ.

ಸೆಕೆಂಡ್ ಹ್ಯಾಂಡ್ ನಂಬಬಹುದಾ?

ಬಿಡಿ ಭಾಗಕ್ಕಿಂತ ಕಂಪನಿಗಳ ಆಫೀಸಿನಿಂದ ಹೊರಬಂದ ಇಡೀ ಮಷೀನ್ ಹೆಚ್ಚು ನಂಬಿಕೆಗೆ ಅರ್ಹ. ಡೆಲ್ ಆಪ್ಟಿಪ್ಲೆಕ್ಸ್ 3060, 7060, ಎಚ್‌ಪಿ ಎಲೀಟ್‌ಡೆಸ್ಕ್ 800 ಜಿ4, ಲೆನೊವೊ ಥಿಂಕ್‌ಸೆಂಟರ್ ಎಂ720, ಇವೆಲ್ಲ ಎಂಟನೇ ಜನರೇಷನ್‌ನವು, ವಿಂಡೋಸ್ 11 ಓಡಿಸುತ್ತವೆ. ಮನೆ ಬಳಕೆಗೆ, ಗ್ರಾಮ ಒನ್‌ನಂಥ ಕೇಂದ್ರಕ್ಕೆ, ಸಣ್ಣ ಅಂಗಡಿಗೆ ಇದಕ್ಕಿಂತ ಅಗ್ಗದ ದಾರಿ ನನಗೆ ಕಾಣುವುದಿಲ್ಲ. ಹೊಸ ಎಸ್‌ಎಸ್‌ಡಿ ಒಂದನ್ನು ಹಾಕಿಕೊಂಡರೆ ಮುಗಿಯಿತು.

ಮಿತಿಯನ್ನೂ ತಿಳಿದಿರಿ. ಇವುಗಳ ಎಸ್‌ಎಂಪಿಎಸ್, ಬೋರ್ಡ್ ಆಯಾ ಕಂಪನಿಯ ಅಳತೆಯವು. ಹೊರಗಿನ ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರ್ ನೇರವಾಗಿ ಕೂರುವುದಿಲ್ಲ. ತೆಳ್ಳನೆಯ ಡಬ್ಬಕ್ಕೆ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಸುತ್ತದೆ. ಆಟಕ್ಕಾಗಿ ಕೊಳ್ಳುವವರು ಟವರ್ ಮಾದರಿ ಕೇಳಿ.

ನೋಡಲು ಹೋದಾಗ ಸಿಪಿಯು-ಝಡ್, ಕ್ರಿಸ್ಟಲ್ ಡಿಸ್ಕ್ ಇನ್ಫೋ ಎರಡನ್ನೂ ಪೆನ್ ಡ್ರೈವ್‌ನಲ್ಲಿ ಒಯ್ಯಿರಿ. ಪ್ರೊಸೆಸರ್ ಹೇಳಿದ್ದೇ ಹೌದೋ, ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂಬುದು ತಕ್ಷಣ ಗೊತ್ತಾಗುತ್ತದೆ. ಬಯಾಸ್‌ಗೆ ಪಾಸ್‌ವರ್ಡ್ ಇಲ್ಲವೆಂದು ಅಲ್ಲೇ ಖಚಿತಪಡಿಸಿಕೊಳ್ಳಿ. ಬಳಸಿದ ಎಸ್‌ಎಂಪಿಎಸ್ ಮತ್ತು ಬಳಸಿದ ಎಸ್‌ಎಸ್‌ಡಿಯನ್ನು ಬಿಡಿಯಾಗಿ ಕೊಳ್ಳಬೇಡಿ. ಬಳಸಿದ ಪ್ರೊಸೆಸರ್ ಕೊಳ್ಳಬಹುದು, ಅದು ಕೆಡುವುದು ಅಪರೂಪ. 13 ಮತ್ತು 14ನೇ ಜನರೇಷನ್‌ನ ಮೇಲ್ದರ್ಜೆಯ ಐ5, ಐ7, ಐ9ಗಳು ಮಾತ್ರ ಇದಕ್ಕೆ ಹೊರತು. ಹೆಚ್ಚಿನ ವೋಲ್ಟೇಜ್‌ನಿಂದ ಅವು ಹಾಳಾಗುತ್ತಿದ್ದುದನ್ನು 2024ರಲ್ಲಿ ಇಂಟೆಲ್ಲೇ ಒಪ್ಪಿ ಬಯಾಸ್ ಮೂಲಕ ತಿದ್ದುಪಡಿ ಕೊಟ್ಟಿತು. ಅದಕ್ಕೂ ಮೊದಲೇ ಹಾಳಾದದ್ದು ಸರಿಹೋಗುವುದಿಲ್ಲ.

ಮೈಸೂರಲ್ಲೇ ತಗೊಳ್ಳೋದಾ, ಬೆಂಗಳೂರಿನ ಎಸ್‌ಪಿ ರೋಡಾ, ಆನ್‌ಲೈನಾ?

ಮೂರು ಕಡೆ ಬೆಲೆ ವಿಚಾರಿಸಿ, ಆದರೆ ಬೋರ್ಡ್ ಮತ್ತು ಎಸ್‌ಎಂಪಿಎಸ್ ಊರಿನಲ್ಲೇ ಕೊಳ್ಳಿ. ಕೆಟ್ಟಾಗ ಎರಡರಲ್ಲಿ ಯಾವುದು ಕೆಟ್ಟಿದೆ ಎಂದು ತಿಳಿಯಲು ಬೇರೆ ಭಾಗ ಸಿಕ್ಕಿಸಿ ನೋಡಬೇಕು, ಅದು ಅಂಗಡಿಯಲ್ಲೇ ಆಗುವ ಕೆಲಸ. ರ‍್ಯಾಮ್, ಎಸ್‌ಎಸ್‌ಡಿ ಆನ್‌ಲೈನ್‌ನಲ್ಲಿ ತರಿಸಬಹುದು. ಎಸ್‌ಪಿ ರೋಡ್‌ನಲ್ಲಿ ಆಯ್ಕೆ ಹೆಚ್ಚು, ಚೌಕಾಸಿಗೂ ಜಾಗವಿದೆ. ಇಡೀ ಮಷೀನ್ ಕೊಳ್ಳುವವರಿಗೆ ರೈಲಿನಲ್ಲಿ ಹೋಗಿಬಂದದ್ದು ಗಿಟ್ಟುತ್ತದೆ. ಒಂದು ಕಡ್ಡಿ ರ‍್ಯಾಮ್‌ಗಾಗಿ ಹೋದರೆ ಉಳಿದದ್ದು ಊಟ, ಚಾರ್ಜಿಗೇ ಸರಿಹೋಗುತ್ತದೆ. ವಾರಂಟಿಗೆ ಮತ್ತೆ ಅಷ್ಟೇ ದೂರ ಹೋಗಬೇಕಾಗುವುದನ್ನೂ ಲೆಕ್ಕಕ್ಕೆ ಸೇರಿಸಿ.

"ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀವಿ" ಅನ್ನುವ ಮಾತಿಗೆ ಒಪ್ಪಬೇಡಿ. ಜಿಎಸ್‌ಟಿ ಶೇ. 18 ಉಳಿಯಿತು ಅನ್ನಿಸಿದರೂ ಮೂರು ವರ್ಷದ ವಾರಂಟಿ ಕೈತಪ್ಪಿದಂತೆಯೇ. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿ, ಫೋಟೋ ತೆಗೆದಿಡಿ, ಏಕೆಂದರೆ ಬಿಲ್‌ನ ಶಾಯಿ ಒಂದು ಬೇಸಿಗೆಗೆ ಮಾಸಿಹೋಗುತ್ತದೆ. ಅಂಗಡಿಯವರು ವಾರಂಟಿ ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು.

ಫೋಟೋ ಸ್ಟುಡಿಯೋ ಇದೆ, ಮದುವೆ ಆಲ್ಬಂ ಡಿಸೈನ್ ಮಾಡ್ತೀವಿ. ಯಾವುದಕ್ಕೆ ಹೆಚ್ಚು ಹಾಕೋಣ?

ರ‍್ಯಾಮ್ ಮತ್ತು ಮಾನಿಟರ್‌ಗೆ. ಆಲ್ಬಂ ಹಾಳೆಗಳ ಫೈಲ್ ತೆರೆದಿಟ್ಟು ಫೋಟೋಶಾಪ್ ಓಡಿಸಲು 32 ಜಿಬಿ ಇದ್ದರೆ ನಿರಾಳ, 16 ಕನಿಷ್ಠ. ಮಾನಿಟರ್ ಐಪಿಎಸ್ (ಬಣ್ಣ ಸರಿಯಾಗಿ ತೋರಿಸುವ ಬಗೆಯ ಪರದೆ) ಆಗಿರಲಿ, ಇಲ್ಲದಿದ್ದರೆ ಪರದೆಯ ಮೇಲೆ ಕಂಡ ಸೀರೆಯ ಬಣ್ಣವೇ ಬೇರೆ, ಪ್ರಿಂಟ್‌ನಲ್ಲಿ ಬಂದದ್ದೇ ಬೇರೆ ಆಗುತ್ತದೆ. ಕೆಲಸ ನಡೆಯುತ್ತಿರುವ ಮದುವೆಗಳು ಎಸ್‌ಎಸ್‌ಡಿಯಲ್ಲಿರಲಿ, ಮುಗಿದವು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿರಲಿ. ಒಂದೇ ಡಿಸ್ಕ್‌ನಲ್ಲಿ ಇಟ್ಟು ಅದು ಹೋದರೆ, ಆ ಮನೆಯವರ ಮದುವೆಯ ಫೋಟೋ ಮತ್ತೆ ತೆಗೆಯಲು ಆಗುವುದಿಲ್ಲ.

ನಾನೇ ಜೋಡಿಸಬಹುದಾ?

ಖಂಡಿತ. ಸ್ಕ್ರೂ ಡ್ರೈವರ್ ಒಂದು ಸಾಕು, ಅರ್ಧ ದಿನ ಬಿಡುವಿರಲಿ. ಇಂಟೆಲ್ ಬೋರ್ಡ್‌ನ ಸಾಕೆಟ್‌ನೊಳಗಿನ ಪಿನ್‌ಗಳಿಗೆ ಬೆರಳು ತಾಗಿಸಬೇಡಿ. ಎಎಂ4ನಲ್ಲಿ ಪಿನ್ ಪ್ರೊಸೆಸರ್‌ನ ಕೆಳಗಿರುತ್ತವೆ. ಹಳೇ ಕೂಲರ್ ತೆಗೆಯುವಾಗ ಒಣಗಿದ ಪೇಸ್ಟ್‌ಗೆ ಅಂಟಿಕೊಂಡು ಪ್ರೊಸೆಸರ್ ಕೂಡ ಕಿತ್ತುಬರುತ್ತದೆ, ಪಿನ್ ಬಾಗುತ್ತವೆ. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿಯಾದ ಮೇಲೆ ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಎತ್ತಿ. ಬೋರ್ಡ್ ಕೆಳಗೆ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳು ಬೋರ್ಡ್‌ನ ತೂತುಗಳಿಗೆ ಸರಿಯಾಗಿ ಇವೆಯೇ ನೋಡಿ. ಬೇರೆಡೆ ಒಂದು ಉಳಿದರೂ ಶಾರ್ಟ್ ಆಗುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಎರಡು ರ‍್ಯಾಮ್ ಹಾಕುವಾಗ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯದು ಮತ್ತು ನಾಲ್ಕನೆಯದು.

ಆನ್ ಮಾಡಿದಾಗ ಫ್ಯಾನ್ ತಿರುಗಿ ಪರದೆ ಬರದಿದ್ದರೆ ಗಾಬರಿಯಾಗಬೇಡಿ. ಪ್ರೊಸೆಸರ್ ಪಕ್ಕದ ಎಂಟು ಪಿನ್‌ನ ಪವರ್ ವೈರ್ ಮರೆತಿರುತ್ತೀರಿ, ರ‍್ಯಾಮ್ ಟಕ್ ಎಂದು ಕೂತಿರುವುದಿಲ್ಲ, ಇಲ್ಲವೇ ಕಾರ್ಡ್ ಇದ್ದರೂ ಮಾನಿಟರ್ ವೈರನ್ನು ಬೋರ್ಡ್‌ಗೆ ಚುಚ್ಚಿರುತ್ತೀರಿ. ಹಳೇ ರ‍್ಯಾಮ್ ಆದರೆ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೃದುವಾಗಿ ಉಜ್ಜಿ, ಪುಡಿ ಒರೆಸಿ, ಮತ್ತೆ ಹಾಕಿ.

ಎಷ್ಟು ದಿನಕ್ಕೊಮ್ಮೆ ದೂಳು ತೆಗೀಬೇಕು?

ವರ್ಷಕ್ಕೆ ಎರಡು ಸಲ, ರಸ್ತೆ ಬದಿಯ ಅಂಗಡಿಯಾದರೆ ಇನ್ನೂ ಬೇಗ. ಆಯುಧಪೂಜೆಗೆ ಹೇಗೂ ಎಲ್ಲವನ್ನೂ ಒರೆಸುತ್ತೀರಿ, ಆಗ ಪಕ್ಕದ ಮುಚ್ಚಳ ತೆಗೆದು ಬ್ಲೋವರ್ ಹಿಡಿಯಿರಿ. ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಎಸ್‌ಎಂಪಿಎಸ್ ಮಾತ್ರ ಬಿಚ್ಚಬೇಡಿ, ವೈರ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಅರಿಶಿನ, ಕುಂಕುಮವನ್ನು ಕ್ಯಾಬಿನೆಟ್‌ನ ಮುಂದಿನ ಗಾಳಿಕಿಂಡಿಗೆ ಹಚ್ಚದೆ ಪಕ್ಕದ ತಗಡಿಗೆ ಹಚ್ಚಿ. ಪುಡಿ ಒಳಗೆ ಹೋದರೆ ಫ್ಯಾನ್ ಎಳೆದುಕೊಂಡು ಹೀಟ್‌ಸಿಂಕ್‌ಗೆ ಮೆತ್ತುತ್ತದೆ.